ಬೊಂಬೆ ಪಿಚ್ಚರು, ಏಳು ಡಬ್ಬ!

ಕಟೌಟಿಗೆ ಹಾಲು ಸುರಿಯುವ ಅಭಿಮಾನಿ ಮಿತ್ರರೇ, ಮೊದಲ ದಿನ ಮೊದಲ ಆಟದ ಟಿಕೆಟ್ ಚೂರನ್ನು ಹತ್ತು ವರ್ಷ ಪರ್ಸಿನಲ್ಲಿಟ್ಟುಕೊಂಡು ತಿರುಗುವ ಮಹನೀಯರೇ, ನನ್ನ ಹುಚ್ಚು ಕೇಳಿ ನೀವಾದರೂ ನಗಬೇಡಿ. ನಾನು ಕೂಡಿಡುವುದು ಕಾರ್ಟೂನು ಸಿನಿಮಾ. ಅದೂ ಫೋನಿನಲ್ಲಿ ಅಲ್ಲ. ಟೇಪು, ವಿಸಿಡಿ, ಡಿವಿಡಿ, ಬ್ಲೂ-ರೇ.... ಕೈಯಲ್ಲಿ ಹಿಡಿದರೆ ಹಿಡಿದ ಹಾಗಿರಬೇಕು, ಬಿದ್ದರೆ ಸದ್ದಾಗಬೇಕು. ಶ್ರೀರಾಮಪುರದ ನನ್ನ ಪುಟ್ಟ ರೂಮಿನಲ್ಲಿ ಇಂಥವು ಏಳು ರಟ್ಟಿನ ಡಬ್ಬ ಇವೆ. ನಾಳೆ ಮನೆ ಓನರ್ರು ಖಾಲಿ ಮಾಡಪ್ಪಾ ಅಂದರೆ ಬಟ್ಟೆ ಒಂದು ಬ್ಯಾಗು, ಪಾತ್ರೆ ಒಂದು ಚೀಲ, ಇದು ಮಾತ್ರ ಏಳು ಡಬ್ಬ!

'ಗುರು, ಇಪ್ಪತ್ತೆಂಟಾಯ್ತು ನಿಂಗೆ. ಇನ್ನೂ ಮಿಕ್ಕಿ ಮೌಸಾ?' ಅಂತಾನೆ ನನ್ನ ರೂಮ್‌ಮೇಟು. ಅವನಿಗೆ ನಾನು ಹೇಳೋದು ಇಷ್ಟೇ. 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನ ಕಾರ್ಥೇ ಸರ್ಕಲ್ ಥಿಯೇಟರಿನಲ್ಲಿ 'ಸ್ನೋ ವೈಟ್' ಮೊದಲ ಸಲ ತೆರೆಗೆ ಬಂದಾಗ ಕೂತು ನೋಡಿದವರು ಮಕ್ಕಳಲ್ಲ, ಸೂಟು ಬೂಟಿನ ಹಾಲಿವುಡ್ ಮಂದಿ. ಅದಕ್ಕೂ ಮುಂಚೆ ಆ ಚಿತ್ರವನ್ನು ಇಡೀ ಉದ್ಯಮ 'ಡಿಸ್ನಿಯ ಹುಚ್ಚು' ಅಂತ ಆಡಿಕೊಂಡಿತ್ತು. ಸುಮಾರು 15 ಲಕ್ಷ ಡಾಲರ್ ಸುರಿದು ಒಂದೂ ಕಾಲು ಗಂಟೆಗಿಂತ ಜಾಸ್ತಿ ಹೊತ್ತು ಬೊಂಬೆ ತೋರಿಸಿದರೆ ಯಾರು ಕೂರ್ತಾರೆ ಅಂತ. ಕೂತರು ಕಣ್ರೀ. ಅತ್ತರು ಕೂಡ.

ಇರಲಿ. ನನ್ನ ಕಥೆಗೆ ಬರೋಣ.

ನಾನು ಎರಡನೇ ಪಿಯುಸಿ ಅರ್ಧಕ್ಕೆ ಬಿಟ್ಟವನು. ಅಕೌಂಟೆನ್ಸಿಗೂ ನನಗೂ ಕೂಡಿಬರಲಿಲ್ಲ. 2014ನೇ ಇಸವಿ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ವಿಡಿಯೋ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದೆ. ಲೈಬ್ರರಿ ಅನ್ನೋದು ಬೋರ್ಡಿನಲ್ಲಿ ಮಾತ್ರ. ಅಷ್ಟೊತ್ತಿಗೆ ಅಂಗಡಿಯ ಮುಕ್ಕಾಲು ಪಾಲು ಮೊಬೈಲ್ ರೀಚಾರ್ಜು, ಉಳಿದ ಕಾಲು ಪಾಲು ಧೂಳು ಹಿಡಿದ ವಿಸಿಡಿ. ಆರು ತಿಂಗಳಿಗೆ ಅದೂ ಮುಚ್ಚಿತು. ಎರಡು ತಿಂಗಳ ಸಂಬಳ ಬಾಕಿ. ಅಂಗಡಿ ಅಣ್ಣ ಒಳ್ಳೆಯವನೇ, ಪಾಪ ಅವನ ಕೈಯಲ್ಲೂ ಇರಲಿಲ್ಲ. 'ದುಡ್ಡು ಎಲ್ಲಿಂದ ತರ್ಲೋ ಮಗಾ? ಅಟ್ಟದ ಮೇಲೆ ಇರೋದೆಲ್ಲಾ ತಗೊಂಡು ಹೋಗು' ಅಂದ. ಹತ್ತಿ ನೋಡಿದೆ. ಅಣ್ಣಾವ್ರು, ವಿಷ್ಣು, ಅಂಬಿ, ಶಂಕ್ರಣ್ಣ.... ಎಲ್ಲರನ್ನೂ ಯಾರ್ಯಾರೋ ಮೊದಲೇ ಎತ್ತಿಕೊಂಡು ಹೋಗಿದ್ದರು. ಯಾರಿಗೂ ಬೇಡವಾಗಿ ಉಳಿದಿದ್ದು ಬೊಂಬೆ ಪಿಚ್ಚರುಗಳು. ದುಬೈಯಿಂದ ಬಂದವರು ಯಾವುದೋ ಕಾಲದಲ್ಲಿ ಮಾರಿ ಹೋಗಿದ್ದ ಟೇಪುಗಳು, ಒಂದಷ್ಟು ವಿಸಿಡಿ. ಎರಡು ತಿಂಗಳ ಸಂಬಳವನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ಬಂದೆ. ಅಮ್ಮ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಿ ನೋಡಿದಳು, ಏನೂ ಅನ್ನಲಿಲ್ಲ. ಏನಾದರೂ ಬೈದಿದ್ದರೆ ಚೆನ್ನಾಗಿತ್ತು.

ವಿಸಿಡಿ ಕಾಲದವರಿಗೆ ಗೊತ್ತು, ಒಂದು ಡಿಸ್ಕಿನಲ್ಲಿ ಸುಮಾರು 74 ನಿಮಿಷ ಹಿಡಿಸುತ್ತೆ. ಅದಕ್ಕೇ ನಮ್ಮ ಕನ್ನಡ ಪಿಚ್ಚರುಗಳೆಲ್ಲ ಎರಡು ಮೂರು ಡಿಸ್ಕು. ಫೈಟು ಜೋರಾಗಿ ನಡೀತಿರುವಾಗಲೇ ನಿಂತು ಹೋಗಿ, ಮನೆಮಂದಿಯೆಲ್ಲ 'ಹಾಕೋ ಎರಡನೇದು' ಅಂತ ಕೂಗೋದು. ನನ್ನ 'ಡಂಬೋ' ಮಾತ್ರ ಒಂದೇ ಡಿಸ್ಕು. 1941ರ ಚಿತ್ರ, ಬರೀ 64 ನಿಮಿಷ. ದೊಡ್ಡ ಕಿವಿಯ ಆನೆಮರಿ, ಸರಪಳಿ ಹಾಕಿಸಿಕೊಂಡ ಅದರ ತಾಯಿ. ಆ ಆನೆಮರಿ ಇಡೀ ಚಿತ್ರದಲ್ಲಿ ಒಂದು ಮಾತೂ ಆಡೋದಿಲ್ಲ. ಇಂಗ್ಲಿಷ್ ಬಾರದ ನನಗೆ ಅದಕ್ಕಿಂತ ಅನುಕೂಲದ ಹೀರೋ ಬೇಕೆ?

ಇಂಗ್ಲಿಷ್ ಬಂದದ್ದು ಆಮೇಲೆ, ಡಿವಿಡಿಯಿಂದ. ಡಿವಿಡಿಯಲ್ಲಿ ಕೆಳಗೆ ಅಕ್ಷರ ಬರುತ್ತಲ್ಲ, ಅದನ್ನು ನಿಲ್ಲಿಸಿ ನಿಲ್ಲಿಸಿ ನೋಟ್‌ಬುಕ್ಕಿಗೆ ಬರಕೊಳ್ತಿದ್ದೆ. ಬೊಂಬೆ ಸಿನಿಮಾದವರು ಅವಸರದಲ್ಲಿ ಗೊಣಗೋದಿಲ್ಲ, ಸ್ಪಷ್ಟವಾಗಿ ಮಾತಾಡ್ತಾರೆ. ಇವತ್ತು ನಾಲ್ಕು ಪತ್ರಿಕೆಗೆ ಬರೆದು, ಇಂಗ್ಲಿಷ್ ಪ್ರೆಸ್ ನೋಟುಗಳನ್ನು ಕನ್ನಡಕ್ಕೆ ತಂದುಕೊಟ್ಟು ಹೊಟ್ಟೆ ಹೊರೀತಾ ಇದ್ದೀನಿ ಅಂದ್ರೆ, ನನ್ನ ಮೇಷ್ಟ್ರುಗಳು ಆ ಏಳು ಜನ ಕುಳ್ಳರೇ. ಏಳು ಡಬ್ಬದಲ್ಲಿ ಒಂದೇ ಒಂದು ಚಿತ್ರವೂ ಕನ್ನಡ ಮಾತಾಡೋದಿಲ್ಲ ಅನ್ನೋದು ಬೇರೆ ಸಂಕಟ. ಡಬ್ಬಿಂಗ್ ಜಗಳವನ್ನು ಇಲ್ಲಿ ಕೆದಕೋದು ಬೇಡ.

ತಿಜೋರಿಯ ಬೀಗ

ನಿಮಗೆ 'ಓಂ' ಗೊತ್ತಲ್ಲ? ಉಪ್ಪಿ ನಿರ್ದೇಶನ, ಶಿವಣ್ಣನ ಲಾಂಗು. 1995ರಲ್ಲಿ ಬಂದ ಚಿತ್ರ ನೂರಾರು ಸಲ ಮತ್ತೆ ಮತ್ತೆ ಥಿಯೇಟರಿಗೆ ಬಂತು. ಟಿವಿಯಲ್ಲಿ ಬಂದದ್ದು 20 ವರ್ಷ ಕಳೆದ ಮೇಲೆ, 2015ರಲ್ಲಿ. ಮನೆಯಲ್ಲಿ ಬಿಟ್ಟಿ ಸಿಕ್ಕರೆ ಥಿಯೇಟರಿಗೆ ಯಾಕೆ ಬರ್ತೀರಿ ಅನ್ನೋ ಲೆಕ್ಕ.

ಡಿಸ್ನಿ ಕಂಪನಿ ಇದೇ ಲೆಕ್ಕವನ್ನು ದಶಕಗಟ್ಟಲೆ ಹಾಕಿತ್ತು. ಸುಮಾರು ಏಳೇಳು ವರ್ಷಕ್ಕೊಮ್ಮೆ ಒಂದೊಂದು ಹಳೇ ಚಿತ್ರವನ್ನು ಥಿಯೇಟರಿಗೆ ಬಿಡೋದು, ಆಮೇಲೆ ಬೀಗ ಹಾಕೋದು. ಏಳು ವರ್ಷಕ್ಕೆ ಹೊಸ ಮಕ್ಕಳು ಹುಟ್ಟಿರ್ತಾರಲ್ಲ! 'ಸ್ನೋ ವೈಟ್' 1944ರಿಂದ 1993ರೊಳಗೆ ಎಂಟು ಸಲ ಹೀಗೆ ಬಂತು. ಆದ್ದರಿಂದ ವಿಡಿಯೋ ಟೇಪು ಬಂದಾಗ ಕಂಪನಿಯವರಿಗೆ ಎದೆ ಡವಡವ. ಮನೆಮನೆಗೂ ಟೇಪು ಕೊಟ್ಟುಬಿಟ್ಟರೆ ಮುಂದಿನ ಏಳು ವರ್ಷಕ್ಕೆ ಬೆಲೆ ಏನು? ಹೆದರಿ ಹೆದರಿ 1985ರಲ್ಲಿ 'ಪಿನೋಕಿಯೋ' ಟೇಪು ಬಿಟ್ಟರು. ಬೆಲೆ 79 ಡಾಲರ್ 95 ಸೆಂಟು. ಮರುವರ್ಷ 'ಸ್ಲೀಪಿಂಗ್ ಬ್ಯೂಟಿ'ಗೆ 30 ಡಾಲರಿಗೆ ಇಳಿಸಿದರು ನೋಡಿ, ಅಮೆರಿಕದ ಅಮ್ಮಂದಿರು ಮುಗಿಬಿದ್ದರು. ಬಾಡಿಗೆಗೆ ತರುತ್ತಿದ್ದ ಟೇಪು ಮನೆಯ ಸ್ವತ್ತಾಯಿತು. 1987ರಲ್ಲಿ 'ಲೇಡಿ ಅಂಡ್ ದಿ ಟ್ರಾಂಪ್', 1988ರಲ್ಲಿ 'ಸಿಂಡರೆಲಾ', 1989ರಲ್ಲಿ 'ಬ್ಯಾಂಬಿ'. 1991ರಲ್ಲಿ 'ಫ್ಯಾಂಟೇಸಿಯಾ' ಬಂದಾಗ ಬರೀ 50 ದಿನ ಮಾರಾಟ ಅಂತ ಸಾರಿದರು. ನಮ್ಮಲ್ಲಿ ಚಿತ್ರ 50 ದಿನ ಓಡಿದರೆ ಪೋಸ್ಟರ್ ಅಂಟಿಸ್ತೀವಿ, ಅವರು 50 ದಿನಕ್ಕೆ ಅಂಗಡಿ ಮುಚ್ಚುತ್ತೇವೆ ಅಂತ ಪೋಸ್ಟರ್ ಅಂಟಿಸಿದರು! ಎಲ್ಲಕ್ಕಿಂತ ಹಿರಿಯಳಾದ 'ಸ್ನೋ ವೈಟ್' ಮಾತ್ರ ತಿಜೋರಿಯಿಂದ ಹೊರಗೆ ಬಂದು ಅಮೆರಿಕದ ಮನೆಗಳನ್ನು ಹೊಕ್ಕಿದ್ದು 1994ರ ಅಕ್ಟೋಬರಿನಲ್ಲಿ. ಹುಟ್ಟಿ 57 ವರ್ಷ ಆದಮೇಲೆ.

ಈಗ ತಿಜೋರಿಯೂ ಇಲ್ಲ, ಕಾಯೋದೂ ಇಲ್ಲ. 2019ರ ನವೆಂಬರಿನಲ್ಲಿ ಅಮೆರಿಕದಲ್ಲಿ ಡಿಸ್ನಿ ಪ್ಲಸ್ ಶುರುವಾಯಿತು, 2020ರ ಏಪ್ರಿಲ್‌ನಲ್ಲಿ ಹಾಟ್‌ಸ್ಟಾರ್ ಜೊತೆ ಸೇರಿ ನಮ್ಮ ಫೋನುಗಳಿಗೂ ಬಂತು. 'ಎಲ್ಲಾ ಅಲ್ಲೇ ಇದೆಯಲ್ಲ, ಈ ಗುಜರಿ ಯಾಕೆ?' ಇದು ನಾನು ದಿನಾ ಕೇಳುವ ಪ್ರಶ್ನೆ.

ಉತ್ತರ ಹೇಳ್ತೀನಿ ಕೇಳಿ. ಎಲ್ಲಾ ಅಲ್ಲಿಲ್ಲ. ಇರೋದೂ ಮೊದಲಿದ್ದ ಹಾಗಿಲ್ಲ.

1946ರ 'ಸಾಂಗ್ ಆಫ್ ದಿ ಸೌತ್' ಚಿತ್ರವನ್ನೇ ತಗೊಳ್ಳಿ. ಅರ್ಧ ಬೊಂಬೆ, ಅರ್ಧ ನಟರು. ತೋಟದ ಮನೆಯ ಕರಿಯರ ಬದುಕನ್ನು ಸಿಹಿಯಾಗಿ ತೋರಿಸಿದ್ದಕ್ಕೆ ಆ ಕಾಲದಲ್ಲೇ ಬೈಗುಳ ತಿಂದದ್ದು. ಅಮೆರಿಕದಲ್ಲಿ ಅದರ ಟೇಪೇ ಬರಲಿಲ್ಲ. ಇಂಗ್ಲೆಂಡಿನಲ್ಲಿ ಟೇಪು ಬಂತು, ಜಪಾನಿನಲ್ಲಿ ಲೇಸರ್‌ಡಿಸ್ಕು ಬಂತು. ನಮ್ಮ ಎಲ್‌ಪಿ ರೆಕಾರ್ಡಿನಷ್ಟು ಅಗಲದ ಬೆಳ್ಳಿ ತಟ್ಟೆ ಅದು. 1946ರದೇ ಇನ್ನೊಂದು ಚಿತ್ರ 'ಮೇಕ್ ಮೈನ್ ಮ್ಯೂಸಿಕ್'. ಅಮೆರಿಕದಲ್ಲಿ 2000ದಲ್ಲಿ ಅದು ಡಿಸ್ಕಿಗೆ ಬಂದಾಗ ಬಂದೂಕು ಹಿಡಿದು ಹೊಡೆದಾಡುವ ಎರಡು ಮನೆತನಗಳ ಭಾಗವೇ ಮಾಯ. ಡಿಸ್ನಿ ಪ್ಲಸ್ ಶುರುವಾದಾಗ ಇಡೀ ಚಿತ್ರವೇ ಅಲ್ಲಿರಲಿಲ್ಲ.

'ಅಲ್ಲಾದ್ದೀನ್' ನೋಡಿ. 1992ರಲ್ಲಿ ಥಿಯೇಟರಿಗೆ ಬಂದಾಗ ಮೊದಲ ಹಾಡಿನಲ್ಲಿ, ಅರಬರ ನಾಡಿನಲ್ಲಿ ಮುಖ ಹಿಡಿಸದಿದ್ದರೆ ಕಿವಿ ಕತ್ತರಿಸ್ತಾರೆ ಅನ್ನೋ ಅರ್ಥದ ಸಾಲಿತ್ತು. ಅಮೆರಿಕದ ಅರಬರು ಪ್ರತಿಭಟಿಸಿದರು. 1993ರ ಟೇಪಿನಲ್ಲಿ ಆ ಸಾಲು ಹೋಗಿ ಮರಳುಗಾಡಿನ ಬಿಸಿಲಿನ ಸಾಲು ಬಂತು. ಬದಲಾಯಿಸಿದ್ದು ಸರಿ ಅಂತಲೇ ನನ್ನ ಮತ. ನಮ್ಮ ಊರಿನ ಬಗ್ಗೆ ಯಾರಾದ್ರೂ ಹಾಗೆ ಹಾಡಿದ್ರೆ ಬಿಡ್ತಿದ್ವಾ? ಆದರೆ ಥಿಯೇಟರಿನಲ್ಲಿ ಕೇಳಿದ್ದನ್ನು ಈಗ ಯಾವ ಟೇಪಿನಲ್ಲೂ ಕೇಳುವ ಹಾಗಿಲ್ಲ. ಬೇಕಾದರೆ 1992ರ ಹಾಡಿನ ಕ್ಯಾಸೆಟ್ಟು ಹುಡುಕಬೇಕು. ಹುಡುಕಿದ್ದೇನೆ, ಇದೆ, ಐದನೇ ಡಬ್ಬ.

'ಫ್ಯಾಂಟೇಸಿಯಾ' ಕಥೆ ಇನ್ನೂ ವಿಚಿತ್ರ. 1940ರ ಚಿತ್ರದಲ್ಲಿ ಕುದುರೆ ಮೈಯ ಚೆಲುವೆಯರಿಗೆ ಗೊರಸು ಒರೆಸುವ ಒಬ್ಬ ಕರಿ ಹುಡುಗಿ ಇದ್ದಳು. 1969ರ ಮರುಬಿಡುಗಡೆಯಲ್ಲಿ ಅವಳನ್ನು ಕತ್ತರಿಸಿದರು. ಅದು ಅವಮಾನದ ಚಿತ್ರಣವೇ, ಎರಡು ಮಾತಿಲ್ಲ. ಆದ್ರೆ ಅವಮಾನ ಮಾಡಿದವರೇ ತಾವು ಮಾಡಿಯೇ ಇಲ್ಲ ಅನ್ನೋ ಹಾಗೆ ಒರೆಸಿಬಿಟ್ಟರೆ? 2000ದ ಡಿವಿಡಿಯಲ್ಲಿ ಇನ್ನೊಂದು ಕೆಲಸ ಆಯಿತು. ಹಾಡು ಹಾಡಿನ ನಡುವೆ ಬಂದು ವಿವರಣೆ ಕೊಡುವ ಡೀಮ್ಸ್ ಟೇಲರ್ ಅನ್ನೋವರ ಕೆಲವು ಭಾಗಗಳ ಧ್ವನಿ ಹಾಳಾಗಿತ್ತು. ಅಲ್ಲಲ್ಲಿ ಬೇರೆ ಧ್ವನಿ ಕೇಳಬಾರದು ಅಂತ, ಅವರ ಅಷ್ಟೂ ಮಾತನ್ನು ಕೋರಿ ಬರ್ಟನ್ ಎಂಬ ಕಲಾವಿದನ ಕೈಲಿ ಹೊಸದಾಗಿ ಹೇಳಿಸಿದರು. ಬಾಲಣ್ಣನ ಮುಖಕ್ಕೆ ಬೇರೆಯವರ ಕಂಠ ಕೂರಿಸಿದ ಹಾಗೆ! ಟೇಲರ್ ಸಾಹೇಬರ ನಿಜವಾದ ಗಂಟಲು ಕೇಳಬೇಕಾದರೆ 1991ರ ಟೇಪೇ ಗತಿ.

ಇನ್ನು ಮಸಾಲೆ ಬೇಕು ಅನ್ನೋ ತರುಣ ಮಿತ್ರರಿಗೆ ಒಂದು. 1977ರ 'ದಿ ರೆಸ್ಕ್ಯೂಯರ್ಸ್' ಇಲಿಗಳ ಪತ್ತೇದಾರಿ ಕಥೆ. 1999ರ ಜನವರಿಯಲ್ಲಿ ಅದರ ಹೊಸ ಟೇಪು ಅಂಗಡಿಗೆ ಬಂದ ಮೂರೇ ದಿನಕ್ಕೆ ಕಂಪನಿ 34 ಲಕ್ಷ ಟೇಪುಗಳನ್ನು ವಾಪಸ್ ಕರೆಸಿಕೊಂಡಿತು. ಕಾರಣ? ಒಂದು ಲಕ್ಷಕ್ಕೂ ಹೆಚ್ಚು ಫ್ರೇಮುಗಳಲ್ಲಿ ಎರಡೇ ಎರಡು ಫ್ರೇಮಿನ ಹಿನ್ನೆಲೆಯ ಕಿಟಕಿಯಲ್ಲಿ ಬಟ್ಟೆಯಿಲ್ಲದ ಹೆಂಗಸಿನ ಫೋಟೋ! ಯಾವ ಪುಣ್ಯಾತ್ಮ ಸೇರಿಸಿದನೋ. ನನ್ನ ಹತ್ತಿರ ಅದು ಇದೆಯಾ ಅಂತ ದಯವಿಟ್ಟು ಕೇಳಬೇಡಿ, ರೂಮ್‌ಮೇಟು ದಿನಾ ಕೇಳ್ತಾನೆ.

ಬಣ್ಣದ ವಿಷಯ

ಒಂದು ಸಂಗತಿ ತಿಳಿದಾಗ ನನಗೆ ಮೈ ಜುಂ ಅಂದಿತ್ತು. 'ಸ್ನೋ ವೈಟ್' ಬಣ್ಣದ ಚಿತ್ರ ತಾನೇ? ಅದರ ನೆಗೆಟಿವ್ ಕಪ್ಪು-ಬಿಳುಪು! ಪ್ರತಿ ಚಿತ್ರವನ್ನೂ ಕೆಂಪು, ಹಸಿರು, ನೀಲಿ ಗಾಜಿನ ಮೂಲಕ ಮೂರು ಸಲ, ಒಂದರ ಹಿಂದೆ ಒಂದರಂತೆ ಕಪ್ಪು-ಬಿಳುಪು ಫಿಲ್ಮಿಗೇ ತೆಗೆಯುತ್ತಿದ್ದರು. ಪ್ರಿಂಟು ಹಾಕುವಾಗ ಮೂರೂ ಸೇರಿ ಬಣ್ಣ. ನಟರಾದರೆ ಅಲುಗಾಡ್ತಾರೆ, ಬೊಂಬೆ ಅಲುಗಾಡೋದಿಲ್ಲವಲ್ಲ, ಅದಕ್ಕೇ ಸಾಧ್ಯ. ಬಣ್ಣದ ಫಿಲ್ಮು ಕಾಲಕ್ರಮದಲ್ಲಿ ಮಾಸುತ್ತೆ, ಇದು ಹಾಗೆ ಮಾಸೋದಿಲ್ಲ. 1993ರಲ್ಲಿ ಕೊಡಕ್‌ನವರ ಸಿನೆಸೈಟ್ ಇದನ್ನು ಫ್ರೇಮು ಫ್ರೇಮಾಗಿ ಕಂಪ್ಯೂಟರಿಗೆ ಏರಿಸಿ, ಧೂಳು ಗೀರು ತೆಗೆದು, ಮತ್ತೆ ಫಿಲ್ಮಿಗೆ ಇಳಿಸಿತು. ಸುಮಾರು 1 ಲಕ್ಷ 19 ಸಾವಿರ ಫ್ರೇಮು. ಇಡೀ ಚಿತ್ರಕ್ಕೆ ಹಾಗೆ ಮಾಡಿದ್ದು ಪ್ರಪಂಚದಲ್ಲೇ ಅದು ಮೊದಲು.

ನಮ್ಮ ಕಡೆ ಇದರ ಉಲ್ಟಾ. ಕಪ್ಪು-ಬಿಳುಪಿನ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಬಳಿದು ಬಿಡುಗಡೆ ಮಾಡಿದರು. ನಾನೂ ಸಿಳ್ಳೆ ಹೊಡೆದು ನೋಡಿದವನೇ. ಅಣ್ಣಾವ್ರನ್ನು ಯಾವ ಬಣ್ಣದಲ್ಲಿ ತೋರಿಸಿದರೂ ಸಿಳ್ಳೆ ಬೀಳುತ್ತೆ, ಆ ಮಾತು ಬೇರೆ. ಆದರೆ ಮನೆಯಲ್ಲಿ ಇಟ್ಟುಕೊಂಡಿರೋದು ಕಪ್ಪು-ಬಿಳುಪಿನ ಡಿಸ್ಕನ್ನೇ. ಮೊದಲ ಕನ್ನಡ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಉಳಿದಿಲ್ಲ. ಬಣ್ಣ ಬೇಕಾ ಬೇಡವಾ ಅಂತ ಜಗಳ ಆಡೋಕಾದ್ರೂ ಚಿತ್ರ ಇರಬೇಕಲ್ಲ.

ಅಮ್ಮನ ಕಣ್ಣು

ಹೋದ ವರ್ಷ ಅಮ್ಮನ ಎರಡು ಕಣ್ಣಿಗೂ ಪೊರೆ ಬಂತು. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆ ಹುಡುಗಿಯನ್ನು ಕರೀಬೇಕು. ಬ್ಲೌಸು ಹೊಲಿದೇ ನನ್ನನ್ನು ಸಾಕಿದವಳು. ಮದುವೆ ಸೀಸನ್ ಹತ್ತಿರ, ಕೈತುಂಬ ಆರ್ಡರು, ಆಪರೇಷನ್ ಬೇಗ ಆಗಬೇಕಿತ್ತು. ಒಂದು ಕಣ್ಣಿಗೆ ಇಪ್ಪತ್ತಾರು ಸಾವಿರ ಅಂದರು. ನನ್ನ ಒಂದು ಲೇಖನಕ್ಕೆ ಎಷ್ಟು ಬರುತ್ತೆ ಅನ್ನೋದನ್ನ ಈ ಪತ್ರಿಕೆಯಲ್ಲೇ ಬರೆದರೆ ಸಂಪಾದಕರು ಬೇಜಾರು ಮಾಡ್ಕೋತಾರೆ.

ಆ ಹೊತ್ತಿಗೆ ಒಬ್ಬ ಗಿರಾಕಿ ಬಂದ. ಇಂದಿರಾನಗರದ ಕಡೆ ಹೊಸದಾಗಿ ಕಾಫಿ ಅಂಗಡಿ ತೆರೀತಿದ್ದವನು. ಡಬ್ಬಗಳನ್ನೆಲ್ಲ ತೆಗೆಸಿ ನೋಡಿದ. ಬೇಕು ಅಂದ. ಆದ್ರೆ ಏನು ಬೇಕು? ಟೇಪಿನ ಹೊರಗಿನ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲಿನ ಚಿತ್ರ. ಗೋಡೆಗೆ ಸಾಲಾಗಿ ಹೊಡೀತಾನಂತೆ, ಹುಡುಗ ಹುಡುಗೀರು ಮುಂದೆ ನಿಂತು ಸೆಲ್ಫಿ ತಗೋತಾರಂತೆ. ಒಂದಕ್ಕೆ ಎಂಟುನೂರು.

'ಒಳಗಿರೋ ಟೇಪು?' ಅಂದೆ.

'ಅದು ನೀವೇ ಇಟ್ಕೊಳಿ ಬ್ರೋ' ಅಂದ.

ಈ ಹುಚ್ಚಿಗೆ ಬಿದ್ದವರಿಗೆ ಗೊತ್ತು, ಹೊದಿಕೆ ಇಲ್ಲದ ಟೇಪಿಗೆ ಮಾರ್ಕೆಟ್ಟಿನಲ್ಲಿ ಸೊನ್ನೆ ಬೆಲೆ. ಒಂದು ರಾತ್ರಿ ಯೋಚನೆ ಮಾಡಿದೆ. ಬೆಳಿಗ್ಗೆ ಮೂವತ್ತೆಂಟು ಡಬ್ಬಿ ಎಣಿಸಿ ಕೊಟ್ಟೆ. ಮೂವತ್ತು ಸಾವಿರದ ನಾನೂರು ರೂಪಾಯಿ. ಟೇಪುಗಳಿಗೆ ಹಳೇ ಪಂಚಾಂಗದ ಹಾಳೆ ಸುತ್ತಿ, ಮೇಲೆ ನನ್ನ ಕೈಬರಹದಲ್ಲಿ ಹೆಸರು ಬರೆದೆ. ನೋಡೋಕೆ ಕಿರಾಣಿ ಅಂಗಡಿ ಪೊಟ್ಟಣದ ಹಾಗಿವೆ. ನನ್ನ ಹತ್ತಿರ ಇದ್ದದ್ದು ಸಿನಿಮಾ, ಅದು ನನ್ನ ಹತ್ತಿರವೇ ಇದೆ.

ಆಪರೇಷನ್ ಆದಮೇಲೆ ಅಮ್ಮ ಹದಿನೈದು ದಿನ ನನ್ನ ರೂಮಿನಲ್ಲಿದ್ದಳು. ಪೊರೆ ತೆಗೆದ ಕಣ್ಣಿಗೆ ಪ್ರಪಂಚ ನೀಲಿ ನೀಲಿ ಕಾಣುತ್ತಂತೆ. 'ಇಷ್ಟು ದಿನ ಎಲ್ಲಾ ಹಳದಿ ಬಟ್ಟೆಯಲ್ಲಿ ಸೋಸಿದ ಹಾಗಿತ್ತು ಕಣೋ' ಅಂದಳು. ಅವಳಿಗೆ ಹೊತ್ತು ಹೋಗಲಿ ಅಂತ 'ಸಿಂಡರೆಲಾ' ಹಾಕಿದೆ. 1950ರ ಚಿತ್ರ. ಮೊದಲು ಟೇಪು, ಆಮೇಲೆ 2012ರ ಬ್ಲೂ-ರೇ. ಟೇಪು ನೋಡಿ ನಕ್ಕಳು. 'ಇದು ಆಪರೇಷನ್ನಿಗೆ ಮುಂಚೆ, ಅದು ಆಪರೇಷನ್ ಆದ್ಮೇಲೆ!' ಬ್ಲೂ-ರೇ ನಿಜಕ್ಕೂ ಕನ್ನಡಿ ಹಾಗಿದೆ. ಒಂದು ಚುಕ್ಕೆ ಇಲ್ಲ, ಗೀರಿಲ್ಲ. ಅಷ್ಟರಲ್ಲಿ ಅಮ್ಮ ಮುಂದಕ್ಕೆ ಬಾಗಿ, 'ನಿಲ್ಸು, ನಿಲ್ಸು.... ಈ ಹುಡುಗಿ ಲಂಗಕ್ಕೆ ನೆರಿಗೆ ಎಲ್ಲೋ?' ಅಂದಳು.

ನಾನು ಎಷ್ಟೋ ಸಲ ನೋಡಿದ್ದೀನಿ. ಇಂಗ್ಲಿಷಿನಲ್ಲಿ ಇದರ ಬಗ್ಗೆ ಬೈಗುಳವನ್ನೂ ಓದಿದ್ದೀನಿ. ಫಿಲ್ಮಿನ ಮೇಲೆ ಸಹಜವಾಗಿ ಇರುವ ಸಣ್ಣ ಕಣಗಳನ್ನು ಕೊಳೆ ಅಂತ ತಿಳಿದು ಉಜ್ಜುವಾಗ, ಕಂಪ್ಯೂಟರು ತೆಳು ಗೆರೆಗಳನ್ನೂ ಉಜ್ಜಿಬಿಡುತ್ತೆ. ಹುಡುಗಿ ಗಿರ್ರನೆ ತಿರುಗಿದಾಗ ಲಂಗದ ಮಡಿಕೆಯ ಗೆರೆ ಕರಗಿ ಹೋಗಿರುತ್ತೆ. ಆದರೆ ಅದನ್ನು ಯಾರೂ ಹೇಳಿಕೊಡದೆ, ಮೊದಲ ನೋಟದಲ್ಲೇ, ಹೊಸ ಕಣ್ಣಿನಲ್ಲಿ ಹಿಡಿದವಳು ಅಮ್ಮ. ಅರ್ಧ ಆಯುಸ್ಸು ಬಟ್ಟೆಗೆ ಮಡಿಕೆ ಹಿಡಿದವಳಿಗೆ ಮಡಿಕೆ ಕಳೆದುಹೋದರೆ ತಿಳಿಯದೇ ಇರುತ್ತಾ? ಆ ಗೆರೆಗಳನ್ನು ಎಳೆದವರೂ ಹೆಂಗಸರೇ ಅಂತ ಹೇಳಿದೆ. ಆ ಕಾಲಕ್ಕೆ ಡಿಸ್ನಿ ಸ್ಟುಡಿಯೋದ ಇಂಕ್ ಅಂಡ್ ಪೇಂಟ್ ವಿಭಾಗದಲ್ಲಿ ಸಾಲಾಗಿ ಕೂತು, ಪಾರದರ್ಶಕ ಹಾಳೆಯ ಮೇಲೆ ಬಣ್ಣದ ಶಾಯಿಯಲ್ಲಿ ಒಂದೊಂದೇ ಗೆರೆ ಕೈಯಲ್ಲಿ ಎಳೆಯುತ್ತಿದ್ದರು. 1961ರ 'ನೂರೊಂದು ಡಾಲ್ಮೇಷಿಯನ್' ಹೊತ್ತಿಗೆ ಜೆರಾಕ್ಸ್ ಯಂತ್ರ ಬಂದು ಆ ಕೆಲಸ ಹೋಯಿತು. 'ಪಾಪ' ಅಂದಳು ಅಮ್ಮ. ಆಮೇಲೆ, 'ಹಳೇದನ್ನೇ ಹಾಕು, ಮಸುಕಾದ್ರೂ ಪರವಾಗಿಲ್ಲ' ಅಂದಳು. ಹಾಕಿದೆ.

ಅಂದಿನಿಂದ ಡಬ್ಬಗಳ ಬಗ್ಗೆ ಅವಳ ಮಾತು ನಿಂತಿದೆ. 2023ರಲ್ಲಿ ಕಂಪನಿಯವರೇ ತಪ್ಪು ತಿದ್ದಿಕೊಂಡು, ಗೆರೆ ಉಳಿಸಿ 'ಸಿಂಡರೆಲಾ'ವನ್ನು ಮತ್ತೆ 4ಕೆ ಡಿಸ್ಕಿನಲ್ಲಿ ತಂದಿದ್ದಾರೆ. ಅದನ್ನು ಕೊಳ್ಳುವ ದುಡ್ಡು, ಹಾಕುವ ಮಿಷನ್ನು ಎರಡೂ ನನ್ನಲ್ಲಿಲ್ಲ. ಇದ್ದಾಗ ಅಮ್ಮನಿಗೆ ತೋರಿಸ್ತೀನಿ.

ನೀವೂ ಶುರು ಮಾಡೋದಾದ್ರೆ

ಓದಿ ಯಾರಾದರೂ ತರುಣರು ಭಾನುವಾರದ ಸಂಡೆ ಬಜಾರಿಗೆ ಹೊರಟಿದ್ದರೆ ಒಂದೆರಡು ಮಾತು. 'ಬ್ಲ್ಯಾಕ್ ಡೈಮಂಡ್' ಅಂದ ತಕ್ಷಣ ಜೇಬಿಗೆ ಕೈ ಹಾಕಬೇಡಿ. 1984ರಿಂದ 1994ರವರೆಗಿನ ಡಿಸ್ನಿ ಟೇಪುಗಳ ಬೆನ್ನಿನ ಮೇಲೆ ವಜ್ರದ ಆಕಾರದ ಕಪ್ಪು ಗುರುತಿದೆ. ಅದಕ್ಕೆ ಸಾವಿರಾರು ಡಾಲರ್ ಅಂತ ಇಂಟರ್‌ನೆಟ್ಟಿನಲ್ಲಿ ಕೇಳೋರು ಬೇಕಾದಷ್ಟಿದ್ದಾರೆ. ಕೊಡೋರು ಇಲ್ಲ. ಲಕ್ಷಗಟ್ಟಲೆ ಅಚ್ಚಾದ ಟೇಪು ಅಪರೂಪ ಹೇಗಾಗುತ್ತೆ? 1995ರ 'ಲಯನ್ ಕಿಂಗ್' ಟೇಪು 3 ಕೋಟಿಗೂ ಮೇಲೆ ಮಾರಾಟ ಆಗಿದೆ! ಒಬ್ಬ ಭಾಯ್ ನನಗೆ, 'ಅಮೆರಿಕಾದಲ್ಲಿ ಲಕ್ಷ ಸಾರ್ ಇದು, ನಿಮಗೆ ಹದಿನೈದು ಸಾವಿರ' ಅಂದರು. 'ಭಾಯ್, ಅಲ್ಲಿ ಲಕ್ಷ ಆದ್ರೆ ಇಲ್ಲಿ ಗೋಣಿಚೀಲದ ಮೇಲೆ ಯಾಕೆ ಮಲಗಿದೆ?' ಅಂದೆ. ಇಬ್ಬರೂ ನಕ್ಕು ಎಂಬತ್ತು ರೂಪಾಯಿಗೆ ಮುಗೀತು.

ಅಮೆರಿಕದ ಟೇಪು ನಮ್ಮ ಹಳೇ ವಿಸಿಆರಿನಲ್ಲಿ ಹಾಕಿದರೆ ಚಿತ್ರ ಉರುಳುತ್ತೆ ಇಲ್ಲ ಬಣ್ಣ ಹೋಗುತ್ತೆ. ಅವರದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಇಂಗ್ಲೆಂಡು, ದುಬೈ ಟೇಪುಗಳು ಸರಿಹೋಗುತ್ತವೆ. ಅವುಗಳಲ್ಲಿ 83 ನಿಮಿಷದ 'ಸ್ನೋ ವೈಟ್' 80 ನಿಮಿಷಕ್ಕೂ ಮುಂಚೆ ಮುಗಿದರೆ ಮೋಸ ಆಯ್ತು ಅಂತ ಅಂಗಡಿಯವನ ಕಾಲರ್ ಹಿಡೀಬೇಡಿ. ಪಾಲ್‌ನಲ್ಲಿ ಸೆಕೆಂಡಿಗೆ 24ರ ಬದಲು 25 ಫ್ರೇಮು ಓಡುತ್ತೆ, ಅಷ್ಟೇ. ಏಳು ಜನ ಕುಳ್ಳರೂ ಸ್ವಲ್ಪ ಕೀರಲು ದನಿಯಲ್ಲಿ ಮಾತಾಡ್ತಾರೆ. ಮಳೆಗಾಲದಲ್ಲಿ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತೆ, ಅದನ್ನು ಹಾಗೇ ಹಾಕಿದರೆ ಮಿಷನ್ನಿನ ಹೆಡ್ಡಿಗೂ ಹಿಡಿಯುತ್ತೆ. ವಿಸಿಆರ್ ತಯಾರಿಸುತ್ತಿದ್ದ ಕಟ್ಟಕಡೆಯ ಕಂಪನಿ ಜಪಾನಿನ ಫುನಾಯ್ 2016ರಲ್ಲೇ ಕೈ ಎತ್ತಿತು. ನನ್ನದನ್ನು ರಿಪೇರಿ ಮಾಡಿಕೊಡೋ ಎಸ್.ಪಿ. ರೋಡಿನ ಹಿರಿಯರಿಗೆ ಎಪ್ಪತ್ತು ದಾಟಿದೆ. ಹೋದಾಗಲೆಲ್ಲ ಅವರ ಆರೋಗ್ಯ ವಿಚಾರಿಸ್ತೀನಿ. ಅವರಿಗೂ ಗೊತ್ತು ಯಾಕೆ ಅಂತ.

ಕೊನೆಗೆ ಒಂದು ವಿನಂತಿ. ಜಪಾನಿನ ಯುಗೊ ಸಾಕೋ, ನಮ್ಮ ರಾಮ್ ಮೋಹನ್ ಸೇರಿ ಮಾಡಿದ 1992ರ ರಾಮಾಯಣದ ಬೊಂಬೆ ಚಿತ್ರ 2025ರ ಜನವರಿ 24ರಂದು ನಮ್ಮ ಥಿಯೇಟರುಗಳಿಗೆ ಬಂದದ್ದು ನೆನಪಿರಬಹುದು. ನಾನು ಮಕ್ಕಳ ಮಧ್ಯೆ ಕೂತು ನೋಡಿದೆ, ಹನುಮಂತ ಬಂದಾಗ ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಅದರ ಮೊದಲಿನ ರೂಪದಲ್ಲಿ ಮಾತು ಇಂಗ್ಲಿಷು, ಹಾಡು ಸಂಸ್ಕೃತ. ಆಮೇಲೆ ಹಿಂದಿಯಲ್ಲಿ ಅರುಣ್ ಗೋವಿಲ್ ರಾಮನಿಗೆ ದನಿ ಕೊಟ್ಟದ್ದು ಬಂತು. ಅಮೆರಿಕದವರಿಗೆಂದು ಜೇಮ್ಸ್ ಅರ್ಲ್ ಜೋನ್ಸ್ ನಿರೂಪಣೆಯ ಇನ್ನೊಂದು ಬಂತು. ನನ್ನ ಹತ್ತಿರ ಹಿಂದಿಯದು ಮಾತ್ರ ಇದೆ. ಸಂಸ್ಕೃತ ಹಾಡಿನ ಆ ಹಳೇ ಟೇಪು ನಿಮ್ಮೂರಿನ ಯಾವುದಾದರೂ ಮುಚ್ಚಿದ ವಿಡಿಯೋ ಅಂಗಡಿಯ ಅಟ್ಟದಲ್ಲಿ ಕಂಡರೆ, ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದು ಹಾಕಿ. ಬಸ್ ಚಾರ್ಜು ನನ್ನದು. ಡಬ್ಬಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಪಂಚಾಂಗದ ಹಾಳೆ ಇನ್ನೂ ಮಿಕ್ಕಿದೆ.